ಬ್ಲೆಂಡರ್‌ನಲ್ಲಿ ಮೈಗಂಟಿದ ಉಡುಪು: ಡಿಸ್‌ಪ್ಲೇಸ್‌ಮೆಂಟ್ ನೋಡ್ ಬಹುಕಾಲ ಬಳಸಿದ ಮೇಲೆ

3ಡಿ ಆಕೃತಿಗೆ ತೊಡಿಸುವ ಈಜುಡುಗೆ, ಲೆಗ್ಗಿಂಗ್ಸ್, ಕೈಗವಸು ಮುಂತಾದ ಮೈಗಂಟಿದ ಉಡುಪಿಗೆ ಬೇರೆ ಮೆಶ್ (ಸಣ್ಣ ಸಣ್ಣ ಮುಖಗಳನ್ನು ಜೋಡಿಸಿದ ಜಾಲರಿ) ಕಟ್ಟಬೇಕಿಲ್ಲ. ಎಲ್ಲಿ ಎಷ್ಟು ಎತ್ತರ ಎಂದು ಬಳಿದ ಚಿತ್ರದ, ಅಂದರೆ ಮ್ಯಾಪ್‌ನ ಕಪ್ಪು-ಬಿಳುಪನ್ನು ನೋಡಿಕೊಂಡು ದೇಹದ ಮೆಶ್ಶನ್ನೇ ಒಂದೆರಡು ಮಿಲಿಮೀಟರ್ ಹೊರಗೆ ತಳ್ಳಿದರೆ ಸಾಕು. 3ಡಿ ತಂತ್ರಾಂಶ ಬ್ಲೆಂಡರ್‌ನ ಸೈಕಲ್ಸ್ (ಅಂತಿಮ ಚಿತ್ರ ಮೂಡಿಸುವ ರೆಂಡರ್ ಎಂಜಿನ್) ಡಿಸ್‌ಪ್ಲೇಸ್‌ಮೆಂಟ್ ನೋಡ್ ಮೂಲಕ ಇದನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಇದರ ನಿಜವಾದ ಲಾಭ ತಿಳಿಯುವುದು ಪೋಸ್ ಬದಲಿಸುವಾಗ. ಮೂಳೆಗಳು ದೇಹವನ್ನು ಬಗ್ಗಿಸಿದ ಮೇಲೆ ಶೇಡರ್ (ಮೆಟೀರಿಯಲ್‌ನ ನೋಡ್‌ಗಳ ಜೋಡಣೆ) ಮೇಲ್ಮೈಯನ್ನು ಎತ್ತುತ್ತದೆ. ಹಾಗಾಗಿ ಬಟ್ಟೆಯೊಳಗಿಂದ ಚರ್ಮ ಇಣುಕುವ ಕಾಟವಿಲ್ಲ, ಉಡುಪಿಗೆಂದೇ ವೇಟ್ ಪೇಂಟಿಂಗ್ (ಯಾವ ಮೂಳೆ ಎಲ್ಲಿ ಎಷ್ಟು ಎಳೆಯಬೇಕೆಂದು ಬಳಿಯುವುದು) ಮಾಡುವ ಗೋಜೂ ಇಲ್ಲ.

ಡೀಫಾಲ್ಟ್ ಸೆಟ್ಟಿಂಗ್‌ಗಳು ಮಾತ್ರ ಈ ಕೆಲಸಕ್ಕೆ ಒಗ್ಗುವುದಿಲ್ಲ. ಮೆಟೀರಿಯಲ್ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇಸ್‌ಮೆಂಟ್ ‘ಬಂಪ್ ಓನ್ಲಿ’ ಎಂದಿರುತ್ತದೆ. ಅದನ್ನು ‘ಡಿಸ್‌ಪ್ಲೇಸ್‌ಮೆಂಟ್ ಆ್ಯಂಡ್ ಬಂಪ್’ ಮಾಡದಿದ್ದರೆ ಎತ್ತರ ಇದ್ದಂತೆ ಕಾಣುತ್ತದೆಯೇ ಹೊರತು ಹೊರಗೆರೆ ಕೂದಲೆಳೆಯಷ್ಟೂ ಕದಲುವುದಿಲ್ಲ. ನೋಡ್‌ನ ಸ್ಕೇಲ್ 1, ಅಂದರೆ ಒಂದು ಮೀಟರ್! 1.7 ಮೀಟರ್ ಎತ್ತರದ ಆಕೃತಿಗೆ 0.002 ಇಟ್ಟರೆ ಎರಡು ಮಿಲಿಮೀಟರ್ ಬರುತ್ತದೆ. ಆಮದು ಮಾಡಿಕೊಂಡ ಆಕೃತಿಯ ಆಬ್ಜೆಕ್ಟ್ ಸ್ಕೇಲ್ 0.01 ಇದ್ದರೆ ಈ ಲೆಕ್ಕವೂ ನೂರರಲ್ಲೊಂದು ಪಾಲಾಗಿ ಏನೂ ಕಾಣುವುದಿಲ್ಲ. ಮೊದಲು ಆಬ್ಜೆಕ್ಟ್ ಸ್ಕೇಲ್ ಅಪ್ಲೈ ಮಾಡಿ, ಇಲ್ಲವೇ ನೋಡ್‌ನಲ್ಲಿ ‘ವರ್ಲ್ಡ್ ಸ್ಪೇಸ್’ ಆರಿಸಿ. ಬರಿಮೈಯನ್ನು ಕಪ್ಪಾಗಿ ಬಿಟ್ಟು ಬಟ್ಟೆಯನ್ನು ಬಿಳಿಯಾಗಿ ಬಳಿದ ಮ್ಯಾಪ್‌ಗೆ ಮಿಡ್‌ಲೆವೆಲ್ (ಕಪ್ಪು 0, ಬಿಳಿ 1 ಎಂಬ ಅಳತೆಯಲ್ಲಿ ಮೇಲ್ಮೈ ಕದಲದೆ ನಿಲ್ಲುವ ಮಟ್ಟ) 0 ಇರಲಿ. ಡೀಫಾಲ್ಟ್ ಆದ 0.5ರಲ್ಲೇ ಬಿಟ್ಟರೆ ಬರಿಮೈ ಒಂದು ಮಿಲಿಮೀಟರ್ ಒಳಗೆ ಹೋಗುತ್ತದೆ, ಬಟ್ಟೆ ಒಂದೇ ಮಿಲಿಮೀಟರ್ ಏಳುತ್ತದೆ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಪಾಲಿಗನ್, ಅಂದರೆ ಮೆಶ್‌ನ ಮುಖಗಳ ಲೆಕ್ಕ. ಸಬ್‌ಡಿವಿಷನ್ (ಮುಖಗಳನ್ನು ಇನ್ನೂ ಸಣ್ಣದಾಗಿ ಒಡೆಯುವುದು) ಒಂದು ಹಂತ ಏರಿಸಿದರೆ ಮುಖಗಳು ನಾಲ್ಕು ಪಟ್ಟಾಗುತ್ತವೆ. 15,000 ಮುಖಗಳ ದೇಹ ಎರಡನೇ ಹಂತದಲ್ಲಿ 2,40,000, ಮೂರರಲ್ಲಿ 9,60,000, ನಾಲ್ಕರಲ್ಲಿ 38,40,000 ಮುಖಗಳಾಗುತ್ತದೆ. ದೇಹದ ಮೇಲ್ಮೈ ಸುಮಾರು 1.8 ಚದರ ಮೀಟರ್ ಎಂದಿಟ್ಟುಕೊಂಡರೆ ಎರಡನೇ ಹಂತದಲ್ಲಿ ಒಂದೊಂದು ಮುಖವೂ ಹೆಚ್ಚುಕಡಿಮೆ 2.7 ಮಿಲಿಮೀಟರ್ ಅಗಲ, ನಾಲ್ಕರಲ್ಲಿ 0.7. ಎರಡು ಮಿಲಿಮೀಟರಿನ ಹೊಲಿಗೆ ಅಂಚು ಎರಡನೇ ಹಂತದಲ್ಲಿ ಗರಗಸದ ಹಲ್ಲಿನಂತೆ ಬರುವುದು ಇದಕ್ಕೇ. ಅದು ಮ್ಯಾಪ್‌ನ ತಪ್ಪೆಂದುಕೊಂಡು ಮತ್ತೆ ಮತ್ತೆ ಬಳಿಯುತ್ತ ಕೂತರೆ ಸರಿಹೋಗದು. ಹಾಗೆಂದು ಬಟ್ಟೆಯ ನೇಯ್ಗೆಯನ್ನೂ ಡಿಸ್‌ಪ್ಲೇಸ್‌ಮೆಂಟ್‌ಗೆ ಹೊರಿಸಬೇಡಿ. ನೂಲಿನ ಮಟ್ಟದ ವಿವರಕ್ಕೆ ಬಂಪ್ ನೋಡ್ ಧಾರಾಳ ಸಾಕು, ಮೆಮೊರಿಯೂ ಉಳಿಯುತ್ತದೆ.

ಉಡುಪು ನಂಬುವಂತಿದೆಯೋ ಇಲ್ಲವೋ ಎಂಬುದು ಅಂಚಿನಲ್ಲೇ ತೀರ್ಮಾನವಾಗುತ್ತದೆ. ಕಪ್ಪಿನಿಂದ ಬಿಳಿಗೆ ಒಂದೇ ಪಿಕ್ಸೆಲ್‌ನಲ್ಲಿ ಹಾರಿದರೆ ಅಂಚು ಕಾಗದ ಕತ್ತರಿಸಿದಂತೆ ಒರಟಾಗುತ್ತದೆ. 4096 ಪಿಕ್ಸೆಲ್ ಮ್ಯಾಪ್‌ನಲ್ಲಿ ಮೂರರಿಂದ ಐದು ಪಿಕ್ಸೆಲ್ ಬ್ಲರ್ ಕೊಡಿ. ಆ ಬ್ಲರ್ ಇರುವ ಜಾಗವೇ ಬಟ್ಟೆಯ ದಪ್ಪ ತೋರಿಸುವ ಪುಟ್ಟ ಗೋಡೆ. ಬಣ್ಣದ ಮಾಸ್ಕ್ (ಬಟ್ಟೆಯ ಬಣ್ಣ ಎಲ್ಲಿಯವರೆಗೆ ಎಂದು ತೋರಿಸುವ ಚಿತ್ರ) ಈ ಗೋಡೆಯ ನೆತ್ತಿಯಲ್ಲೇ ನಿಂತರೆ ಅಂಚಿನುದ್ದಕ್ಕೂ ಚರ್ಮದ ಬಣ್ಣದ ಗೆರೆಯೊಂದು ಎದ್ದು ಕಾಣುತ್ತದೆ. ಬಣ್ಣದ ಮಾಸ್ಕನ್ನು ಅಷ್ಟೇ ಪಿಕ್ಸೆಲ್ ಹೊರಕ್ಕೆ ಹಿಗ್ಗಿಸಿ ಗೋಡೆಯ ಬುಡದವರೆಗೆ ತನ್ನಿ.

ಎಲಾಸ್ಟಿಕ್ ಮಾಂಸವನ್ನು ಒತ್ತಿದಂತೆ ತೋರಬೇಕಿದ್ದರೆ ಮಿಡ್‌ಲೆವೆಲ್ 0.5, ಸ್ಕೇಲ್ 0.006 ಇಡಿ. ಬರಿಮೈಗೆ 0.5ರ ಬೂದು, ಬಟ್ಟೆಗೆ 0.7, ಪಟ್ಟಿ ಒತ್ತಿದ ಜಾಗಕ್ಕೆ 0.35, ಅದರ ಪಕ್ಕ ಉಬ್ಬಿದ ಚರ್ಮಕ್ಕೆ 0.55. ಬಟ್ಟೆ 1.2 ಮಿಲಿಮೀಟರ್ ಮೇಲೇಳುತ್ತದೆ, ಪಟ್ಟಿ 0.9 ಒಳಗಿಳಿಯುತ್ತದೆ, ಚರ್ಮ 0.3 ಉಬ್ಬುತ್ತದೆ. ಉಡುಪಿಗೆ ಜೀವ ತುಂಬುವುದು ಈ 0.3 ಮಿಲಿಮೀಟರೇ. ಇಲ್ಲಿ ಇಮೇಜ್ ನೋಡ್‌ನ ಕಲರ್ ಸ್ಪೇಸ್ ‘ನಾನ್-ಕಲರ್’ ಆಗಿರಲೇಬೇಕು. ‘ಎಸ್‌ಆರ್‌ಜಿಬಿ’ ಎಂದಿದ್ದರೆ 0.5ರ ಬೂದು 0.21 ಎಂದು ಓದಿಕೊಂಡು ಇಡೀ ಮೈ 1.7 ಮಿಲಿಮೀಟರ್ ಕುಗ್ಗುತ್ತದೆ. ಕಣ್ಣಗುಡ್ಡೆ ಬೇರೆ ಮೆಶ್ ಆಗಿದ್ದರೆ ರೆಪ್ಪೆಯಿಂದ ಹೊರಬಂದು ನಿಲ್ಲುತ್ತದೆ. ಮ್ಯಾಪ್ 16 ಬಿಟ್ ಇರಲಿ. 8 ಬಿಟ್‌ನ 256 ಮೆಟ್ಟಿಲುಗಳಲ್ಲಿ ಒಂದೊಂದೂ 0.023 ಮಿಲಿಮೀಟರ್, ಅಷ್ಟು ಸಣ್ಣದಾದರೂ ಹೊಳೆಯುವ ಬಟ್ಟೆಯ ಮೇಲೆ ಬೆಳಕು ಬಿದ್ದಾಗ ಸುತ್ತುಗೆರೆಗಳಾಗಿ ಕಾಣುತ್ತದೆ.

ಈ ವಿಧಾನ ಸೋಲುವುದು ತಗ್ಗುಗಳಲ್ಲಿ. ನಿಜವಾದ ಬಟ್ಟೆ ಹೊಕ್ಕುಳಿನ ಮೇಲೆ, ಸ್ತನಗಳ ನಡುವೆ ಎಳೆದು ಕಟ್ಟಿದಂತೆ ಹಾಯುತ್ತದೆ. ಮ್ಯಾಪ್ ಮಾತ್ರ ಚರ್ಮದ ಪ್ರತಿ ತಗ್ಗಿನೊಳಕ್ಕೂ ಇಳಿದು, ಬಟ್ಟೆಗೆ ಬದಲು ಬಣ್ಣ ಬಳಿದ ಮೈ ತೋರಿಸುತ್ತದೆ. ಅಲ್ಲಿ ಬಿಳುಪು ಹೆಚ್ಚಿಸಿದರೂ ಫಲವಿಲ್ಲ, ಎದುರುಬದುರಿನ ಮೇಲ್ಮೈಗಳು ಒಂದರೊಳಗೊಂದು ತೂರಿಕೊಳ್ಳುತ್ತವೆ. ತಗ್ಗುಗಳನ್ನು ತುಂಬಿದ ಒಂದು ಶೇಪ್ ಕೀ (ಅದೇ ಮೆಶ್‌ನ ಬದಲಿ ಆಕಾರ) ಮಾಡಿ, ಉಡುಪು ತೊಡಿಸಿದಾಗ ಅದನ್ನು 1ಕ್ಕೆ ಏರಿಸುವುದೇ ನೆಟ್ಟಗಿನ ದಾರಿ. ಕಂಕುಳು, ತೊಡೆಸಂದು, ಬೆರಳ ಸಂದುಗಳಲ್ಲಿ ಎತ್ತರವನ್ನು ಅರ್ಧಕ್ಕಿಳಿಸಿ. ತಲೆ ಮತ್ತು ಮುಂಡ ಬೇರೆ ಬೇರೆ ಮೆಶ್ ಆಗಿರುವ ಆಕೃತಿಗಳಲ್ಲಿ ಸೇರುವ ಜಾಗದ ಎರಡೂ ಕಡೆ ಒಂದೇ ಬೂದು ಇರಬೇಕು, ಇಲ್ಲದಿದ್ದರೆ ಕತ್ತಿನ ಸುತ್ತ ಬಿರುಕು ಬಿಡುತ್ತದೆ.

ಮೊಣಕಾಲು ಮಡಿಸಿದಾಗ ಸುಕ್ಕು ತಾನಾಗಿ ಮೂಡುವುದಿಲ್ಲ. ಸುಕ್ಕಿಗೆಂದೇ ಎರಡನೇ ಮ್ಯಾಪ್ ಬಳಿದು, ಮೂಳೆ ತಿರುಗಿದಷ್ಟೂ ಅದರ ಬಲ ತಾನಾಗಿ ಏರುವಂತೆ ಡ್ರೈವರ್ ಹಾಕಿ, ‘ಆ್ಯಡ್’ ಮ್ಯಾತ್ ನೋಡ್ ಮೂಲಕ ಮೊದಲ ಮ್ಯಾಪ್‌ಗೆ ಕೂಡಿಸಿ. ಲಂಗ, ಸಡಿಲ ತೋಳು, ಮೈಯಿಂದ ಐದು ಮಿಲಿಮೀಟರ್‌ಗಿಂತ ದೂರ ನಿಲ್ಲುವ ಯಾವುದೇ ಬಟ್ಟೆಗೆ ಇದು ಬೇಡ, ಬೇರೆ ಮೆಶ್ಶೇ ಸರಿ. ಬ್ಲೆಂಡರ್‌ನ ಇನ್ನೊಂದು ರೆಂಡರ್ ಎಂಜಿನ್ ಈವೀ ಬಳಸುವವರು ಬ್ಲೆಂಡರ್‌ನ 2024ರ 4.2 ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನು ಇಟ್ಟುಕೊಳ್ಳಲಿ. ಅದಕ್ಕೂ ಹಿಂದಿನವುಗಳಲ್ಲಿ ಇಷ್ಟೆಲ್ಲ ಮಾಡಿದರೂ ಸಿಗುವುದು ಬರೀ ಬಂಪ್.