ಆರ್‌ಪಿಜಿಗಳನ್ನು ಇಷ್ಟು ವರ್ಷ ಆಡಿದ ಮೇಲೆ: ಯಾವುದು ಹಿಡಿಸಿತು, ಯಾವುದು ಸಾಕಾಯಿತು

ಒಂದು ಆರ್‌ಪಿಜಿ (ರೋಲ್ ಪ್ಲೇಯಿಂಗ್ ಗೇಮ್, ಅಂದರೆ ನಾವೇ ಕಥೆಯ ಒಂದು ಪಾತ್ರವಾಗಿ ಆಡುವ ಗೇಮ್) ಚೆನ್ನಾಗಿದೆಯೋ ಇಲ್ಲವೋ ಅಂತ ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ. ನಾನು ಮಾಡಿದ್ದು ಆ ಗೇಮ್‌ಗೆ ನೆನಪಿರುತ್ತದಾ? ಮ್ಯಾಪ್ ಎಷ್ಟು ದೊಡ್ಡದು, ಎಷ್ಟು ಗಂಟೆ ಆಡಬಹುದು, ಗ್ರಾಫಿಕ್ಸ್ ಎಷ್ಟು ಚೆಂದ, ಇವೆಲ್ಲ ಆಮೇಲೆ. ಕಾಲೇಜಿನಲ್ಲಿದ್ದಾಗ ಶೂಟಿಂಗ್ ಗೇಮ್, ರೇಸಿಂಗ್ ಗೇಮ್ ಎಲ್ಲ ಆಡಿದೆ, ಎಲ್ಲ ಬಿಟ್ಟೆ. ಆರ್‌ಪಿಜಿ ಮಾತ್ರ ಕೆಲಸಕ್ಕೆ ಸೇರಿದ ಮೇಲೂ ಬಿಡಲಿಲ್ಲ. ಅದಕ್ಕೇ ಯಾವುದೋ ಒಂದು ಗೇಮ್ ಬಗ್ಗೆ ಬರೆಯದೆ ಈ ಜಾತಿಯ ಗೇಮ್‌ಗಳ ಬಗ್ಗೆಯೇ ಬರೆಯುತ್ತಿದ್ದೇನೆ. ವಿಚರ್ 3 ಮತ್ತು ಬಾಲ್ಡರ್ಸ್ ಗೇಟ್ 3 ಆಡಬೇಕು ಅಂತಿರುವವರು ಹುಷಾರು, ಕಥೆ ಬಿಟ್ಟುಕೊಡುತ್ತೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಇದರ ಬೇರು ಇರುವುದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಆಟದಲ್ಲಿ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ತಂದದ್ದು. ಕಂಪ್ಯೂಟರ್ ಏನೂ ಬೇಡ, ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರ ಹಿಡಿದು "ನಾನು ಹೀಗೆ ಮಾಡುತ್ತೇನೆ" ಅನ್ನುತ್ತಾರೆ, ಅದು ನಡೆಯುತ್ತದೋ ಇಲ್ಲವೋ ಅಂತ ದಾಳ ಹೇಳುತ್ತದೆ. ಲೆವೆಲ್, ಕ್ಲಾಸ್, ಎಕ್ಸ್‌ಪೀರಿಯನ್ಸ್ ಪಾಯಿಂಟ್ ಅಂತ ಇವತ್ತು ಎಲ್ಲ ಗೇಮ್‌ನಲ್ಲೂ ನೋಡುತ್ತೇವಲ್ಲ, ಅವೆಲ್ಲ ಅಲ್ಲಿಂದ ಬಂದವು.

ನಮ್ಮ ತುಮಕೂರು ಕಡೆಯವರಿಗೆ ಇದನ್ನು ಹೇಳುವುದು ಇನ್ನೂ ಸುಲಭ. ಗುಬ್ಬಿ ವೀರಣ್ಣನವರ ಸೀಮೆ ಇದು. ಈಗಲೂ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಟ್ಟಿದರೆ ಪಾತ್ರ ಬೇಕಾದವರು ಕೈಯಿಂದ ದುಡ್ಡು ಹಾಕಿ ಪಾತ್ರ ತಗೊಳ್ಳುತ್ತಾರೆ. ನಮ್ಮ ದೊಡ್ಡಪ್ಪ ಕರ್ಣನ ಪಾತ್ರ ಮಾಡುತ್ತಿದ್ದರು. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಪ್ರಾಕ್ಟೀಸು, ಆಮೇಲೆ ಒಂದು ರಾತ್ರಿ ಬೆಳಗಿನ ಜಾವದವರೆಗೆ ನಾಟಕ. ಪಾತ್ರ ಅವರದ್ದು, ಆದರೆ ಮಾತು ಅವರದ್ದಲ್ಲ. ಕೃಷ್ಣ ಬಂದು ಜನ್ಮದ ಗುಟ್ಟು ಹೇಳಿದಾಗ ಕರ್ಣ ಒಪ್ಪುವ ಹಾಗಿಲ್ಲ, ಸಾಯಲೇಬೇಕು. ಆರ್‌ಪಿಜಿಯಲ್ಲಿ ಅದೇ ಜಾಗದಲ್ಲಿ "ಸರಿ, ಬರುತ್ತೇನೆ" ಅನ್ನಬಹುದು. ಹಾಗಂದ ಮೇಲೆ ದುರ್ಯೋಧನ ಏನು ಮಾಡುತ್ತಾನೆ, ಅರ್ಜುನ ಒಪ್ಪುತ್ತಾನಾ, ಯುದ್ಧ ನಡೆಯುತ್ತದಾ, ಅದೆಲ್ಲವನ್ನೂ ತೋರಿಸುವ ಜವಾಬ್ದಾರಿ ಗೇಮ್ ಮಾಡಿದವರ ಮೇಲೆ ಬೀಳುತ್ತದೆ. ಈ ಜವಾಬ್ದಾರಿ ಹೊತ್ತವರು ಕಡಿಮೆ. ಹೊತ್ತವರ ಗೇಮ್‌ಗಳು ಮರೆಯುವುದಿಲ್ಲ.

2015ರ ವಿಚರ್ 3 ತಗೊಳ್ಳಿ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಮಾಡಿದ್ದು. ವೆಲೆನ್ ಅನ್ನುವ ಕೆಸರು ನಾಡಿನಲ್ಲಿ ಒಬ್ಬ ಬ್ಯಾರನ್ ಇದ್ದಾನೆ. ಹೆಂಡತಿ ಮಗಳು ಕಾಣೆ, ಹುಡುಕಿಕೊಡು ಅನ್ನುತ್ತಾನೆ. ಹುಡುಕುತ್ತಾ ಹೋದರೆ ಗೊತ್ತಾಗುತ್ತದೆ, ಕುಡಿದು ಹೆಂಡತಿಗೆ ಹೊಡೆಯುತ್ತಿದ್ದವನು ಇವನೇ. ಇವನ ಮೇಲೆ ಸಿಟ್ಟು ಬರುತ್ತದೆ, ಜೊತೆಗೆ ಅಯ್ಯೋ ಅನಿಸುತ್ತದೆ. ಈ ನಡುವೆ, ಬೇರೆ ಯಾವುದೋ ಕೆಲಸ ಅನ್ನುವ ಹಾಗೆ, ಒಂದು ಗುಡ್ಡದ ಮರದಲ್ಲಿ ಸಿಕ್ಕಿಹಾಕಿಕೊಂಡಿರುವ ಆತ್ಮ ಎದುರಾಗುತ್ತದೆ. ಬಿಡಬೇಕಾ, ಕೊಲ್ಲಬೇಕಾ? ಬಿಟ್ಟರೆ ಜೌಗಿನಲ್ಲಿರುವ ಅನಾಥ ಮಕ್ಕಳು ಬದುಕುತ್ತಾರೆ. ಆದರೆ ಬ್ಯಾರನ್‌ನ ಹೆಂಡತಿ ಸಾಯುತ್ತಾಳೆ, ಅವನು ನೇಣು ಹಾಕಿಕೊಳ್ಳುತ್ತಾನೆ, ಒಂದು ಹಳ್ಳಿ ನಾಶವಾಗುತ್ತದೆ. ಕೊಂದರೆ ಮಕ್ಕಳು ಹೋಗುತ್ತಾರೆ. ಹೆಂಡತಿ ಬುದ್ಧಿ ಕಳೆದುಕೊಂಡು ಉಳಿಯುತ್ತಾಳೆ, ಬ್ಯಾರನ್ ಅವಳನ್ನು ಚಿಕಿತ್ಸೆಗೆ ಅಂತ ಬೆಟ್ಟದ ಸೀಮೆಗೆ ಕರೆದುಕೊಂಡು ಹೋಗುತ್ತಾನೆ. ಇದರಲ್ಲಿ ಯಾವುದು ಸರಿ? ಗೇಮ್ ಹೇಳುವುದಿಲ್ಲ. ಇನ್ನೂ ಮುಖ್ಯ ಅಂದರೆ, ಪರಿಣಾಮ ತಕ್ಷಣ ಬರುವುದಿಲ್ಲ. ಗಂಟೆಗಳ ನಂತರ ಬರುತ್ತದೆ. ಹಳೇ ಸೇವ್ ಲೋಡ್ ಮಾಡಿ ಸರಿ ಮಾಡೋಣ ಅಂದರೆ ಅಷ್ಟು ಹಿಂದಕ್ಕೆ ಹೋಗುವ ಮನಸ್ಸೇ ಬರುವುದಿಲ್ಲ. ತಡವಾಗಿ ಬರುವ ಈ ಪರಿಣಾಮವೇ ಈ ಜಾತಿಯ ಗೇಮ್‌ಗಳ ದೊಡ್ಡ ಶಕ್ತಿ ಅಂತ ನನ್ನ ಅಭಿಪ್ರಾಯ. ಸಿನಿಮಾದಲ್ಲಿ ಇಂಥದ್ದೇ ದುಃಖ ನೋಡಬಹುದು. ಆದರೆ ಅಲ್ಲಿ ಅದು ನಮ್ಮ ಕೈಯಿಂದ ಆದದ್ದಲ್ಲವಲ್ಲ.

2023ರ ಬಾಲ್ಡರ್ಸ್ ಗೇಟ್ 3 ಇದನ್ನು ಬೇರೆ ದಾರಿಯಲ್ಲಿ ಮಾಡುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ನಿಯಮಗಳನ್ನೇ ಕಂಪ್ಯೂಟರ್‌ಗೆ ಇಳಿಸಿದ್ದಾರೆ. ಇಪ್ಪತ್ತು ಮುಖದ ದಾಳ ಪರದೆಯ ಮೇಲೆ ಕಣ್ಣೆದುರೇ ಉರುಳುತ್ತದೆ. ಒಂದು ಬಿದ್ದರೆ ಎಷ್ಟು ಬೋನಸ್ ಇದ್ದರೂ ಸೋಲು, ಇಪ್ಪತ್ತು ಬಿದ್ದರೆ ಗೆಲುವು. ಇದನ್ನು ನಾನು ಆಡಿದ್ದು ಚಿಕ್ಕಪ್ಪನ ಮಗನ ಜೊತೆ, ಒಂದೇ ಟಿವಿಯಲ್ಲಿ ಸ್ಪ್ಲಿಟ್ ಸ್ಕ್ರೀನ್ ಹಾಕಿಕೊಂಡು. ಶುರುವಿನಲ್ಲೇ ಒಂದು ನಾಯಿ ಸಿಗುತ್ತದೆ. ಸತ್ತು ಬಿದ್ದಿರುವ ಒಡೆಯನ ಪಕ್ಕ ಕಾವಲು ಕೂತಿರುತ್ತದೆ. ನಾನು ಮುಂದೆ ಹೋಗೋಣ ಅಂದೆ. ಅವನು ಕದಲಲಿಲ್ಲ. "ಅಣ್ಣ, ಇರು, ಇದರ ಹತ್ತಿರ ಮಾತಾಡೋಕೆ ಆಗುತ್ತೆ" ಅಂದ. ಪ್ರಾಣಿಗಳ ಜೊತೆ ಮಾತಾಡುವ ಮಂತ್ರ ಇದೆ, ಅದಕ್ಕೆ ಔಷಧಿ ಸೀಸೆಯೂ ಸಿಗುತ್ತದೆ. ಒಡೆಯ ಇನ್ನು ಏಳುವುದಿಲ್ಲ ಅಂತ ಹೇಗೆ ಹೇಳುತ್ತೀರಿ, ಹೇಳುತ್ತೀರಾ ಇಲ್ಲವಾ ಅನ್ನುವುದಕ್ಕೂ ಸಾಲುಗಳನ್ನು ಬರೆದಿಟ್ಟಿದ್ದಾರೆ. ಒಲಿಸಿಕೊಂಡರೆ ಅದು ನಮ್ಮ ಕ್ಯಾಂಪಿಗೆ ಬಂದು ಸೇರುತ್ತದೆ. ಇಷ್ಟು ದೊಡ್ಡ ಕಥೆಯಲ್ಲಿ ಒಂದು ನಾಯಿಗೆ ಇಷ್ಟು ಜಾಗ ಕೊಟ್ಟಿದ್ದಾರಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ದೊಡ್ಡ ವಿಷಯದಲ್ಲೂ ಇದೇ ಶ್ರದ್ಧೆ ಇದೆ. ಮೊದಲ ಭಾಗದಲ್ಲಿ ಒಂದು ವನದಲ್ಲಿ ಆಶ್ರಯ ಪಡೆದ ನಿರಾಶ್ರಿತರನ್ನು ಕಾಪಾಡಿದರೆ, ಎರಡನೇ ಭಾಗದಲ್ಲಿ ಅವರಲ್ಲಿ ಉಳಿದವರು ಒಂದು ಛತ್ರದಲ್ಲಿ ಸಿಗುತ್ತಾರೆ. ದಾರಿಯಲ್ಲಿ ಏನಾಯಿತು ಅಂತ ಹೇಳಿಕೊಳ್ಳುತ್ತಾರೆ. ಅವರನ್ನು ಕೊಲ್ಲುವವರ ಪಕ್ಷ ಸೇರಿದರೆ ನಮ್ಮ ಜೊತೆಗಾರರಲ್ಲೇ ಇಬ್ಬರು ಕೈಬಿಟ್ಟು ಹೋಗುತ್ತಾರೆ.

ಡಿಸ್ಕೋ ಎಲಿಸಿಯಮ್ (2019) ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕಂದರೆ ಅದನ್ನು ಆಡಿಯೇ ನೋಡಬೇಕು. ಬೇರೆ ಗೇಮ್‌ಗಳಲ್ಲಿರುವಂಥ ಹೊಡೆದಾಟದ ವ್ಯವಸ್ಥೆಯೇ ಇಲ್ಲ. ಇಪ್ಪತ್ತನಾಲ್ಕು ಸ್ಕಿಲ್‌ಗಳಿವೆ. ಎಲ್ಲವೂ ನಾಯಕನ ತಲೆಯೊಳಗಿನ ಧ್ವನಿಗಳು. ಒಂದು ಧೈರ್ಯ ತುಂಬುತ್ತದೆ, ಇನ್ನೊಂದು ಸುಳ್ಳು ಹೇಳು ಅನ್ನುತ್ತದೆ. ಶುರುವಿನಲ್ಲಿ ಫ್ಯಾನಿಗೆ ಸಿಕ್ಕಿಕೊಂಡ ಟೈ ಎಳೆಯಲು ಹೋಗಿ, ಆರೋಗ್ಯ ಕಡಿಮೆ ಇದ್ದರೆ, ಅಲ್ಲೇ ಎದೆ ಹಿಡಿದು ಸಾಯಬಹುದು. ಸೋಲು ಕೂಡ ಕಥೆಯೇ ಅಂತ ಇಷ್ಟು ಚೆನ್ನಾಗಿ ತೋರಿಸಿದ ಗೇಮ್ ನಾನು ಇನ್ನೊಂದು ಆಡಿಲ್ಲ.

ಈಗ ಸಾಕಾದ ವಿಷಯಗಳು.

ಮೊದಲನೆಯದು, ಸುಮ್ನೆ ಹೊತ್ತು ಕಳೆಯಿಸುವುದು. ಮ್ಯಾಪ್ ತುಂಬಾ ಗುರುತು. ಪ್ರತಿ ಗುರುತಿನಲ್ಲೂ ಅದೇ ನಾಲ್ಕು ಡಕಾಯಿತರು, ಅದೇ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಬೇಡದ ಕತ್ತಿ. ನಾನು ಹೊಗಳಿದ ವಿಚರ್ 3ರಲ್ಲೂ ಇದೆ. ಸ್ಕೆಲಿಗೆ ದ್ವೀಪಗಳ ಸುತ್ತ ಸಮುದ್ರದಲ್ಲಿ ಚೆಲ್ಲಿರುವ ಪ್ರಶ್ನಾರ್ಥಕ ಚಿಹ್ನೆಗಳನ್ನು ಒಂದೊಂದಾಗಿ ಮುಗಿಸಲು ಹೊರಟರೆ ಬೇಜಾರೇ ಗತಿ. ಮುಖ್ಯ ಕಥೆಯಲ್ಲಿ ನಾಯಕನ ಸಾಕುಮಗಳ ಪ್ರಾಣಕ್ಕೆ ಅಪಾಯ ಅನ್ನುತ್ತಾರೆ. ನಾವೋ ದೋಣಿಯಲ್ಲಿ ಪೀಪಾಯಿ ಹೆಕ್ಕುತ್ತಿರುತ್ತೇವೆ. ಕಥೆಯ ಅವಸರಕ್ಕೂ ಆಟದ ನಿಧಾನಕ್ಕೂ ಹೊಂದಾಣಿಕೆಯೇ ಇಲ್ಲ.

ಎರಡನೆಯದು ಹೊರೆ. 2011ರ ಸ್ಕೈರಿಮ್‌ನಲ್ಲಿ ಶುರುವಿಗೆ 300 ತೂಕ ಹೊರಬಹುದು. ಒಂದು ಡ್ರ್ಯಾಗನ್ ಮೂಳೆಯ ತೂಕ 15. ಡ್ರ್ಯಾಗನ್ ಕೊಂದ ಖುಷಿ ಒಂದು ನಿಮಿಷ, ಆಮೇಲೆ ಬ್ಯಾಗು ತೆಗೆದು ಯಾವುದನ್ನು ಬಿಸಾಡುವುದು ಅಂತ ಲೆಕ್ಕ. ಈ ಲೆಕ್ಕದಲ್ಲಿ ಆಲೋಚನೆಗೆ ಏನೂ ಇಲ್ಲ. ಕೆಲವರಿಗೆ ಇದು ಇಷ್ಟ, ಗೊತ್ತು. ನನಗೆ ಕೆಲಸದಿಂದ ಬಂದ ಮೇಲೆ ಇನ್ನೊಂದು ಸ್ಟಾಕ್ ರಿಜಿಸ್ಟರ್ ಬರೆಯುವ ಮನಸ್ಸಿಲ್ಲ. ಸ್ಕೈರಿಮ್‌ನ ಒಳ್ಳೇ ಗುಣ ಬೇರೆ ಇದೆ: ಬಿಲ್ಲು ಬಳಸಿದಷ್ಟೂ ಬಿಲ್ಲಿನ ಕೈ ಪಳಗುತ್ತದೆ, ಕದ್ದು ನಡೆದಷ್ಟೂ ಹೆಜ್ಜೆ ಹಗುರಾಗುತ್ತದೆ. ಕಲಿಕೆ ಅಂದರೆ ಹೀಗೇ ಅಲ್ವಾ. ಆದರೆ ನೆನಪಿನ ವಿಷಯಕ್ಕೆ ಬಂದರೆ ಅದು ಸೋಲುತ್ತದೆ. ಒಬ್ಬನೇ ಮನುಷ್ಯ ಮಾಂತ್ರಿಕರ ಕಾಲೇಜಿಗೂ ಮುಖ್ಯಸ್ಥನಾಗಬಹುದು, ಕಳ್ಳರ ಸಂಘಕ್ಕೂ ನಾಯಕನಾಗಬಹುದು. ಒಂದು ದಾರಿ ಹಿಡಿದದ್ದಕ್ಕೆ ಇನ್ನೊಂದು ಮುಚ್ಚುವುದಿಲ್ಲ. ಎಲ್ಲವೂ ಸಿಗುತ್ತದೆ ಅಂದಮೇಲೆ ಆರಿಸಿಕೊಂಡದ್ದಕ್ಕೆ ಬೆಲೆ ಏನು?

ಇದರ ಜೊತೆಗೇ ಬರುವ ದೋಷ, ನಾವು ಬೆಳೆದಂತೆ ಶತ್ರುಗಳೂ ಬೆಳೆಯುವುದು. 2006ರ ಒಬ್ಲಿವಿಯನ್‌ನಲ್ಲಿ ನಮ್ಮ ಲೆವೆಲ್ ಏರಿದಂತೆ ದಾರಿಯಲ್ಲಿ ಅಡ್ಡ ಹಾಕುವ ಸಣ್ಣ ದರೋಡೆಕೋರನೂ ರಾಜರಿಗೂ ಸಿಗದ ಕವಚ ತೊಟ್ಟು ನಿಲ್ಲುತ್ತಾನೆ. ಅಷ್ಟು ದುಬಾರಿ ಕವಚ ಇದ್ದವನು ಚಿಲ್ಲರೆ ಕಾಸಿಗೆ ದರೋಡೆ ಯಾಕೆ ಮಾಡಬೇಕು? ಶ್ರಮಪಟ್ಟು ಬಲಶಾಲಿಯಾದರೂ ಆ ಬಲ ಅನುಭವಕ್ಕೆ ಬರುವುದಿಲ್ಲ.

ಹುಸಿ ಆಯ್ಕೆ ಇನ್ನೂ ನೋವು ಕೊಡುತ್ತದೆ. ಮಾಸ್ ಎಫೆಕ್ಟ್ ಮೂರು ಗೇಮ್‌ಗಳ ಕಥೆ. 2007, 2010, 2012. ಒಂದರ ಸೇವ್ ಇನ್ನೊಂದಕ್ಕೆ ಒಯ್ಯಬಹುದು. ಮೊದಲ ಗೇಮ್‌ನಲ್ಲಿ ಸತ್ತವನು ಮೂರನೆಯದರಲ್ಲೂ ಇರುವುದಿಲ್ಲ. ಎಂಥ ಒಳ್ಳೇ ಯೋಚನೆ! ಅಷ್ಟೆಲ್ಲ ಕಟ್ಟಿ, ಕೊನೆಗೆ ಬಣ್ಣ ಬೇರೆ ಬೇರೆಯಾದ ಒಂದೇ ಥರದ ಮುಕ್ತಾಯ ಕೊಟ್ಟರು. ಆಟಗಾರರ ಸಿಟ್ಟು ನೋಡಿ ಅದೇ ವರ್ಷ ಉಚಿತವಾಗಿ ಉದ್ದದ ಮುಕ್ತಾಯ ಬಿಟ್ಟರು. ಆಮೇಲೆ ಸ್ವಲ್ಪ ಸಮಾಧಾನವಾಯಿತು, ಪೂರ್ತಿ ಆಗಲಿಲ್ಲ. ಆದರೂ ಈ ಮೂರೂ ಗೇಮ್‌ಗಳನ್ನು ನಾನು ಬೇಡ ಅನ್ನುವುದಿಲ್ಲ. ಜೊತೆಗಾರರ ಜೊತೆ ಬಾಹ್ಯಾಕಾಶ ಹಡಗಿನಲ್ಲಿ ಆಡುವ ಮಾತುಗಳಿಗೋಸ್ಕರವೇ ಆಡಬಹುದು.

ಫೋನಿನ ಗಾಚಾ ಗೇಮ್‌ಗಳ ಬಗ್ಗೆ ನನಗೆ ಯಾವ ದಾಕ್ಷಿಣ್ಯವೂ ಇಲ್ಲ. ಗೆನ್ಶಿನ್ ಇಂಪ್ಯಾಕ್ಟ್ ನೋಡಲು ಬಹಳ ಚೆಂದ, ಉಚಿತ, ಸಂಗೀತ ಅದ್ಭುತ. ಆದರೆ ಒಳ್ಳೇ ಪಾತ್ರ ಬೇಕು ಅಂದರೆ ಲಾಟರಿ ಎತ್ತಬೇಕು. ಐದು ಸ್ಟಾರ್ ಪಾತ್ರ ಬೀಳುವ ಸಾಧ್ಯತೆ ಪ್ರತಿ ಸಲ ನೂರಕ್ಕೆ 0.6. ಪಾತ್ರಗಳ ಲಾಟರಿಯಲ್ಲಿ 90ನೇ ಸಲ ಒಂದು ಖಂಡಿತ ಕೊಡುತ್ತಾರೆ, ಅದೂ ನಮಗೆ ಬೇಕಾದ್ದೇ ಆಗಿರಬೇಕು ಅಂತಿಲ್ಲ. ಪಾತ್ರ ಬೆಳೆಸುವುದು ಆರ್‌ಪಿಜಿಯ ಜೀವ. ಆ ಜೀವಕ್ಕೇ ಬೀಗ ಹಾಕಿ ಬೀಗದ ಕೈಯನ್ನು ಲಾಟರಿಯಲ್ಲಿ ಮಾರುವುದು ಸರಿಯಲ್ಲ. ಮನೆಯಲ್ಲಿ ಹೈಸ್ಕೂಲ್ ಮಕ್ಕಳಿದ್ದು, ಫೋನಿಗೆ ಯುಪಿಐ ಜೋಡಿಸಿದ್ದರೆ, ಒಂದು ಕಣ್ಣಿಟ್ಟಿರಿ.

ಕೆಲಸಕ್ಕೆ ಹೋಗುವವರಿಗೆ ಇನ್ನೊಂದು ವಿಷಯ ಮುಖ್ಯ. ಗೇಮ್ ನಮಗೋಸ್ಕರ ಕಾಯುತ್ತದಾ? 2022ರ ಎಲ್ಡನ್ ರಿಂಗ್‌ನಲ್ಲಿ ಸರಿಯಾದ ಪಾಸ್ ಬಟನ್ನೇ ಇಲ್ಲ, ಒಬ್ಬರೇ ಆಡುತ್ತಿದ್ದರೂ ಇಲ್ಲ. ಅಮ್ಮ ಅಡುಗೆಮನೆಯಿಂದ ಕರೆದರೆ ಎದ್ದು ಹೋಗುವುದಾ, ಗೇಮ್‌ನ ಬಾಸ್ (ದೊಡ್ಡ ಶತ್ರು) ಕೈಯಲ್ಲಿ ಸಾಯುವುದಾ? ಟರ್ನ್-ಬೇಸ್ಡ್, ಅಂದರೆ ಸರದಿ ಪ್ರಕಾರ ಆಡುವ ಗೇಮ್‌ಗಳು ಇಲ್ಲಿ ಗೆಲ್ಲುತ್ತವೆ. ನಾವು ಒತ್ತುವವರೆಗೂ ನಿಂತಿರುತ್ತವೆ. ನಾನು ಬೆಳಿಗ್ಗೆ ತುಮಕೂರಿನಿಂದ ಯಶವಂತಪುರಕ್ಕೆ ಟ್ರೈನಿನಲ್ಲಿ ಓಡಾಡುವವನು. ಸೀಟು ಸಿಕ್ಕ ದಿನ ಫೋನಿನಲ್ಲಿ ಕ್ರೋನೋ ಟ್ರಿಗರ್ ತೆಗೆಯುತ್ತೇನೆ. 1995ರದ್ದು, ಪೂರ್ತಿ ಅಲ್ಲದಿದ್ದರೂ ಟರ್ನ್-ಬೇಸ್ಡ್‌ಗೆ ಹತ್ತಿರದ್ದು, ಈಗ ಫೋನಿಗೂ ಇದೆ. ಕಾಲದಲ್ಲಿ ಹಿಂದೆ ಮುಂದೆ ಹೋಗುವ ಕಥೆ, ಹಲವು ಮುಕ್ತಾಯ, ಒಂದು ಚೂರೂ ಎಳೆದಾಟವಿಲ್ಲ. ಸಂಜೆ ವಾಪಸ್ ಬರುವಾಗ ಹಿರೇಹಳ್ಳಿ ದಾಟಿದರೆ ಗೇಮ್‌ನಲ್ಲಿ ನಡೆಯುತ್ತಿರುವ ಜಗಳ ಮುಗಿಸಲು ಟೈಮ್ ಇರುತ್ತದೆ, ಕ್ಯಾತ್ಸಂದ್ರ ಬಂದರೆ ಸೇವ್ ಮಾಡಿ ಜೇಬಿಗೆ. ನೂರು ಗಂಟೆಯ ಗೇಮ್‌ಗಳ ಮುಂದೆ ಇಪ್ಪತ್ತು ಚಿಲ್ಲರೆ ಗಂಟೆಯ ಈ ಗೇಮ್ ನನಗೆ ಜಾಸ್ತಿ ತುಂಬಿದ ಹಾಗೆ ಅನಿಸುತ್ತದೆ.

ಭಾಷೆಯ ಮಾತು ಹೇಳಲೇಬೇಕು. ಚಿಕ್ಕಪ್ಪನ ಮಗ ಓದಿದ್ದು ಕನ್ನಡ ಮೀಡಿಯಂನಲ್ಲಿ, ಶಿರಾ ಹತ್ತಿರದ ಊರು. ಚುರುಕು ಹುಡುಗ. ಯಾವ ಬಿಲ್ಡ್‌ಗೆ (ಪಾತ್ರ ಬೆಳೆಸುವ ರೀತಿಗೆ) ಯಾವ ಆಯುಧ ಅಂತ ನನಗಿಂತ ಬೇಗ ಹಿಡಿಯುತ್ತಾನೆ. ಆದರೆ ಡೈಲಾಗು ಓಡುತ್ತಾ ಹೋದರೆ ಅವನು ನನ್ನ ಮುಖ ನೋಡುತ್ತಾನೆ, ನಾನು ಪಕ್ಕದಲ್ಲಿ ಕೂತು ಹೇಳುತ್ತಾ ಹೋಗಬೇಕು. ಆರಿಸಿಕೊಳ್ಳುವ ಸಾಲುಗಳನ್ನು ತೆರೆಯ ಮೇಲೆ ನಿಲ್ಲಿಸಿಕೊಂಡು ಕಾಯುವ ಗೇಮ್‌ಗಳಲ್ಲಿ ಅವನಿಗೆ ನಾನು ಬೇಕಾಗುವುದಿಲ್ಲ, ನಿಧಾನಕ್ಕೆ ಓದಿಕೊಳ್ಳುತ್ತಾನೆ. ಪೋಲೆಂಡಿನವರು ತಮ್ಮ ಗೇಮ್‌ಗೆ ಪೂರ್ತಿ ಪೋಲಿಷ್ ಮಾತು ಕೊಟ್ಟರು, ತಮ್ಮ ಕಡೆಯ ಜನಪದ ಕಥೆಗಳ ಪಿಶಾಚಿಗಳನ್ನು ವೆಲೆನ್‌ಗೆ ತಂದರು. ನಮ್ಮ ಜಿಲ್ಲೆಯಲ್ಲೇ ಕಾಡುಗೊಲ್ಲರು ಗಣೆ ಊದಿಕೊಂಡು ಹಾಡುವ ಜುಂಜಪ್ಪನ ಕಥೆ ಇದೆ. ದನಗಾಹಿ ವೀರ, ದಾಯಾದಿ ದ್ವೇಷ, ಮೇವಿಗಾಗಿ ಅಲೆದಾಟ. ಆರ್‌ಪಿಜಿಗೆ ಇನ್ನೇನು ಬೇಕು? ಕನ್ನಡದಲ್ಲಿ ಕಥೆ ಬರೆಯುವವರೂ ಕೋಡ್ ಬರೆಯುವವರೂ ಇಲ್ಲಿಂದ ಬೆಂಗಳೂರಿನವರೆಗೆ ಬೇಕಾದಷ್ಟು ಜನ ಇದ್ದಾರೆ. ದೊಡ್ಡ ಗ್ರಾಫಿಕ್ಸ್ ಯಾರಿಗೆ ಬೇಕು, ಕ್ರೋನೋ ಟ್ರಿಗರ್ ಅಳತೆಯದ್ದೊಂದು ಮಾಡಿದರೆ ನಾನು ಮೊದಲ ದಿನವೇ ದುಡ್ಡು ಕೊಟ್ಟು ತಗೊಳ್ಳುತ್ತೇನೆ.

ಹೊಸದಾಗಿ ಶುರು ಮಾಡುವವರಿಗೆ: ಬಾಲ್ಡರ್ಸ್ ಗೇಟ್ 3ಕ್ಕೆ 150 ಜಿಬಿ ಜಾಗ ಬೇಕು, ಅದೂ ಎಸ್‌ಎಸ್‌ಡಿಯಲ್ಲಿ. ಹಳೇ ಲ್ಯಾಪ್‌ಟಾಪ್ ಇದ್ದರೆ ಅದರ ಗೋಜಿಗೆ ಹೋಗಬೇಡಿ. ಇಂಗ್ಲಿಷ್ ಸಲೀಸಾಗಿ ಓದುವವರು ಡಿಸ್ಕೋ ಎಲಿಸಿಯಮ್ ತಗೊಳ್ಳಿ, ಸಾಧಾರಣ ಮಿಷಿನ್‌ನಲ್ಲೂ ಓಡುತ್ತದೆ. ವಿಚರ್ 3 ಬೇಕಾದರೆ ಎರಡು ಎಕ್ಸ್‌ಪ್ಯಾನ್ಷನ್ (ಆಮೇಲೆ ಬಂದ ಹೆಚ್ಚುವರಿ ಕಥೆಗಳು) ಸೇರಿದ ಕಂಪ್ಲೀಟ್ ಎಡಿಷನ್ ಸೇಲ್‌ನಲ್ಲಿ ಬರುವವರೆಗೂ ಕಾಯಿರಿ. ಹಾಕಿದ ತಕ್ಷಣ ಸೆಟ್ಟಿಂಗ್ಸ್‌ಗೆ ಹೋಗಿ ಮಿನಿಮ್ಯಾಪ್ (ಪರದೆಯ ಮೂಲೆಯ ಪುಟ್ಟ ನಕ್ಷೆ) ಆಫ್ ಮಾಡಿ. ದಾರಿ ತಪ್ಪುತ್ತದೆ, ತಪ್ಪಲಿ. ಸಮುದ್ರದ ಪ್ರಶ್ನಾರ್ಥಕ ಚಿಹ್ನೆಗಳನ್ನು ಮುಟ್ಟಲೇಬೇಡಿ. ಬ್ಯಾರನ್‌ನ ಕಥೆ ಮುಗಿಯುವವರೆಗೂ ಯೂಟ್ಯೂಬ್‌ನಲ್ಲಿ ಯಾವ ಆಯ್ಕೆ ಒಳ್ಳೇದು ಅಂತ ಹುಡುಕಬೇಡಿ.