ಚೈನಾಟೌನ್ ಸುತ್ತಲು ಸಿಂಗಾಪುರವೋ, ಬ್ಯಾಂಕಾಕೋ?

ಎರಡೂ ಊರಲ್ಲಿ ಚೈನಾಟೌನ್, ಅಂದರೆ ಚೀನೀಯರ ಕೇರಿ, ಇದೆ; ಸುತ್ತಲು ಯಾವುದು ಅಂತ ಕೇಳಿದಿರಿ, ಅಲ್ವಾ? ನಡೆಯಲು ಸಿಂಗಾಪುರವೇ ಸುಲಭ. ಚೈನಾಟೌನ್ ಮೆಟ್ರೋದಿಂದ ಹೊರಬಂದರೆ ಪಗೋಡಾ ಸ್ಟ್ರೀಟ್. ಅದರ ತುದಿಯಲ್ಲಿ 1827ರ ಶ್ರೀ ಮಾರಿಯಮ್ಮನ್ ಗುಡಿ, ಪಕ್ಕದಲ್ಲೇ ಜಾಮೆ ಮಸೀದಿ, ಸ್ವಲ್ಪ ಮುಂದೆ ಬುದ್ಧನ ದಂತದ ದೇವಾಲಯ. ಚೀನೀ ಕೇರಿಯ ನಡುವೆ ನಮ್ಮ ಕಡೆಯಂಥ ಗೋಪುರ ಕಂಡಾಗ ಮನಸ್ಸು ತುಂಬಿ ಬರುತ್ತದೆ. ಹಿರಿಯರು, ಮಕ್ಕಳು ಜೊತೆಗಿದ್ದರೆ, ಹಗಲಲ್ಲಿ ಎರಡೇ ಗಂಟೆ ಸಿಕ್ಕರೆ ಇಲ್ಲಿಗೇ ಹೋಗಿ.

ಬ್ಯಾಂಕಾಕಿನ ಚೈನಾಟೌನ್ ಆದ ಯಾವೊರಾಟ್ ರಂಗೇರುವುದು ಸಂಜೆ ಮೇಲೆ. ಅಲ್ಲಿ ವಾಟ್ ಮಂಗ್ಕಾನ್ ಮೆಟ್ರೋ ನಿಲ್ದಾಣ 2019ರಿಂದ ಇದೆ, ಹೋಗಲು ಕಷ್ಟವಿಲ್ಲ. ನಡೆಯುವುದೇ ಕಷ್ಟ: ಫುಟ್‌ಪಾತ್ ತುಂಬ ತಿಂಡಿ ಗಾಡಿಗಳು, ಸಂಪೆಂಗ್ ಓಣಿ ಇನ್ನೂ ಇಕ್ಕಟ್ಟು. ಆದರೆ ಖರ್ಚು ಕಡಿಮೆ, ರುಚಿ ಜಾಸ್ತಿ. ರಾತ್ರಿ ಸುಮ್ನೆ ತಿನ್ನುತ್ತಾ ಅಲೆಯುವವರಿಗೆ ಇದೇ ಸರಿ. ಸಸ್ಯಾಹಾರಿಗಳು ಥಾಯ್‌ನಲ್ಲಿ 'ಜೇ' (ಶುದ್ಧ ಸಸ್ಯಾಹಾರ) ಎಂದು ಬರೆದ ಹಳದಿ ಬಾವುಟ ಹುಡುಕಿ, ಅಲ್ಲಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ.