ಹಿಮದುಂಡೆ ಎಸೆಯದ ತಪ್ಪಿಗೆ: ‘ದಿ ವಿಚರ್ 3’ ಜೊತೆ ಹದಿನಾಲ್ಕು ತಿಂಗಳು

ನಮ್ಮ ಹುಡುಗಿ ವಾಪಸ್ ಬರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಈ ವಿಮರ್ಶೆ ಬರೆಯಲು ಕೂತಿದ್ದೇ ಆ ಹೊಟ್ಟೆಯುರಿಗೆ. ‘ದಿ ವಿಚರ್ 3’ ಅನ್ನುವ ಈ ವಿಡಿಯೊ ಗೇಮ್ ಬಂದಿದ್ದು 2015ರ ಮೇ ತಿಂಗಳಲ್ಲಿ. ಇಷ್ಟು ವರ್ಷ ಕಳೆದ ಮೇಲೂ ಕಥೆ ಗೊತ್ತಾಗಬಾರದು ಅನ್ನುವವರಿದ್ದರೆ ಇಲ್ಲಿಗೇ ನಿಲ್ಲಿಸಿ, ಆಡಿ ಮುಗಿಸಿಕೊಂಡು ಬನ್ನಿ. ನನ್ನ ಕಥೆ ಕೊನೆಯಿಂದಲೇ ಶುರುವಾಗಬೇಕು.

ನಾನು ಆಟ ಆಡುವ ವಯಸ್ಸಿನವನಲ್ಲ. ಮಂಡ್ಯದಲ್ಲಿ ಗೊಬ್ಬರದ ಅಂಗಡಿ, ವಯಸ್ಸು ನಲವತ್ತಾರು, ಓದುವುದಕ್ಕೆ ಕನ್ನಡಕ ಬೇಕು. ಅಕ್ಕನ ಮಗ ಬೆಂಗಳೂರಿಗೆ ಕೆಲಸಕ್ಕೆ ಹೊರಟಾಗ ಟಿವಿಗೆ ಹಾಕಿ ಆಟ ಆಡುವ ತನ್ನ ಪಿಎಸ್4 ಮಿಷನ್ನನ್ನು ಎಂಟು ಸಾವಿರಕ್ಕೆ ನನಗೆ ತಗಲಿಹಾಕಿದ. ಕ್ರಿಕೆಟ್ ಆಟ ಇರಬಹುದು ಅಂತ ತಗೊಂಡೆ. ಜೊತೆಗಿದ್ದದ್ದು ಒಂದೇ ಡಿಸ್ಕು. “ಮಾವ, ಇದ್ರಲ್ಲಿ ಕುದ್ರೆ ಅದೆ, ಕತ್ತಿ ಅದೆ, ನಿಂಗೆ ಸರಿಹೋಯ್ತದೆ ನೋಡು” ಅಂದ. ಎರಡು ವಿಸ್ತರಣೆ ಕಥೆಗಳೂ ಸೇರಿದ ಆವೃತ್ತಿ ಅದು ಅಂತ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ.

ಅಂಗಡಿ ಬಾಗಿಲು ಎಂಟೂವರೆಗೆ ಹಾಕುತ್ತೇನೆ. ಮುದ್ದೆ, ಸೊಪ್ಪಿನ ಸಾರು. ಮನೆಯವಳ ಧಾರಾವಾಹಿಗಳು ಮುಗಿಯುವುದು ಹತ್ತಕ್ಕೆ. ಆಮೇಲೆ ಟಿವಿ ನನ್ನದು. ಆಟದ ಅಕ್ಷರಗಳು ಇರುವೆ ಸಾಲಿನಂತೆ ಸಣ್ಣವು, ಎಲ್ಲ ಇಂಗ್ಲಿಷ್ ಬೇರೆ. ಅದಕ್ಕೆ ಪ್ಲಾಸ್ಟಿಕ್ ಕುರ್ಚಿಯನ್ನು ಟಿವಿಗೆ ಮೂರಡಿ ಹತ್ತಿರ ಎಳೆದುಕೊಂಡು ಕೂರುತ್ತಿದ್ದೆ. ಹಿಂದೆ ಚಾಪೆ ಮೇಲೆ ಸೆಕೆಂಡ್ ಪಿಯುಸಿ ಮಗಳು, ತೊಡೆ ಮೇಲೆ ಕೆಮಿಸ್ಟ್ರಿ ಪುಸ್ತಕ. ಓದುತ್ತಿದ್ದಳೋ ನೋಡುತ್ತಿದ್ದಳೋ ದೇವರಿಗೇ ಗೊತ್ತು. ಆಟದಲ್ಲಿ ಸತ್ತರೆ ಮತ್ತೆ ಶುರುವಾಗಲು ನಿಧಾನ, ಒಂದು ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮಡಿಚಿ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು. ಮೊದಲ ತಿಂಗಳು ನಾನು ಎಷ್ಟು ಸತ್ತೆ ಅಂತ ನನ್ನ ಹಲ್ಲು ನೋಡಿದರೆ ತಿಳಿಯುತ್ತಿತ್ತು. ಮಧ್ಯೆ ಕರೆಂಟು ಹೋದರೆ ಅರ್ಧ ಗಂಟೆಯ ಕಷ್ಟ ನೀರಿಗೆ. ಹಾಗಾಗಿ ಯಾವ ಕೆಲಸಕ್ಕೂ ಮುಂಚೆ ಸೇವ್ ಮಾಡುವುದು ಅಭ್ಯಾಸವಾಯಿತು. ಈ ಅಭ್ಯಾಸವೂ ಕೊನೆಗೆ ಕೈಕೊಟ್ಟಿತು, ಅದು ಆಮೇಲೆ.

ಗೆರಾಲ್ಟ್ ಅಂತ ಬಿಳಿಗೂದಲಿನ ಬೇಟೆಗಾರ. ದುಡ್ಡು ತಗೊಂಡು ಭೂತ-ಪಿಶಾಚಿ, ಮೃಗಗಳನ್ನು ಹೊಡೆಯುವುದು ಅವನ ಕಸುಬು. ಬೆನ್ನಿಗೆ ಎರಡು ಕತ್ತಿ: ಬೆಳ್ಳಿಯದು ಪಿಶಾಚಿಗೆ, ಉಕ್ಕಿನದು ಮನುಷ್ಯರಿಗೆ. ಮೊದಲ ದೊಡ್ಡ ಬೇಟೆ ಒಂದು ಗ್ರಿಫಿನ್, ಹದ್ದಿನ ತಲೆ, ಸಿಂಹದ ಮೈ. ಊರವರನ್ನು ಸಿಗಿದು ಹಾಕುತ್ತಿರುತ್ತದೆ. ನಾನೂ ಹೋಗಿ ಹೊಡೆಯೋಣ ಅಂತ ಹೊರಟರೆ ಆಟ ಬಿಡಲಿಲ್ಲ. ಹೆಜ್ಜೆ ಗುರುತು ನೋಡು, ಗೂಡು ನೋಡು, ಯಾಕೆ ಹೀಗಾಡುತ್ತಿದೆ ಅಂತ ಹುಡುಕು ಅಂತು. ನೋಡಿದರೆ ಸೈನಿಕರು ಅದರ ಜೋಡಿಯನ್ನು ಗೂಡಲ್ಲೇ ಕೊಂದಿದ್ದಾರೆ. ನಮ್ಮ ಕಡೆಯೂ ಕಬ್ಬು ಕಡಿಯುವಾಗ ಚಿರತೆ ಮರಿ ಸಿಗುತ್ತವೆ. ಮರಿ ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ, ಸಂಜೆಗೆ ತಾಯಿ ಗದ್ದೆ ಸುತ್ತುತ್ತದೆ, ಆಗ ಊರೆಲ್ಲ ಬೋನು ತನ್ನಿ ಅಂತ ಅರಣ್ಯ ಇಲಾಖೆಗೆ ಫೋನು. ಗ್ರಿಫಿನ್ ಹೊಡೆದ ದಿನ ಖುಷಿಯಾಗಲಿಲ್ಲ. ಪೋಲೆಂಡಿನವರು ಮಾಡಿದ ಆಟಕ್ಕೆ ನಮ್ಮ ಕಬ್ಬಿನ ಗದ್ದೆ ಹೇಗೆ ಗೊತ್ತಾಯಿತು ಅಂತ ಯೋಚನೆಯಾಯಿತು.

ಕೆಲಸ ಒಪ್ಪಿಕೊಳ್ಳುವ ಮುಂಚೆ ಕೂಲಿ ಚೌಕಾಸಿ ಮಾಡಬಹುದು. ನನಗೆ ಇದಕ್ಕಿಂತ ಇಷ್ಟವಾದದ್ದು ಇನ್ನೊಂದಿಲ್ಲ. ಎಷ್ಟು ಬೇಕು ಅಂತ ಒಂದು ಗೀಟು ಎಳೆಯಬೇಕು, ಪಕ್ಕದಲ್ಲಿ ಎದುರಿನವನ ಸಿಟ್ಟು ತೋರಿಸುವ ಒಂದು ಪಟ್ಟಿ ಇರುತ್ತದೆ. ಹೆಚ್ಚು ಕೇಳಿದಷ್ಟೂ ಆ ಪಟ್ಟಿ ಏರುತ್ತದೆ, ತುಂಬಿದರೆ ಮಾತು ಮುರಿಯಿತು. ಬೆಲ್ಲದ ಮಂಡಿಯಲ್ಲಿ ಅಪ್ಪನ ಜೊತೆ ನಿಂತು ಬೆಳೆದವನು ನಾನು. ಎದುರಿನವನ ಮೀಸೆ ನೋಡಿ ದರ ಹೇಳುತ್ತಿದ್ದ ಕಾಲ ಅದು. ಇಲ್ಲಿ ಮೀಸೆಯ ಬದಲು ಪಟ್ಟಿ. ಮೂರನೇ ವಾರದಿಂದ ಒಂದು ಕಾಸೂ ಬಿಡದೆ ವಸೂಲಿ ಮಾಡಿದೆ. ಈ ಸಿಟ್ಟಿನ ಪಟ್ಟಿ ನೆನಪಿಟ್ಟುಕೊಳ್ಳಿ.

ಶುರುವಿನ ಊರಲ್ಲಿ ಹಸುಗಳಿವೆ. ಆಟ ಬಂದ ಹೊಸದರಲ್ಲಿ ಜನ ಆ ಹಸುಗಳನ್ನು ಕಡಿದು, ಚರ್ಮ ಮಾರಿ, ಅವು ಮತ್ತೆ ಹುಟ್ಟುವ ತನಕ ಕಾದು, ಮತ್ತೆ ಕಡಿದು ಸಾಹುಕಾರರಾದರಂತೆ. ಮಾಡಿದವರು ಅದನ್ನು ನೋಡಿ, ಹಸು ಕಡಿಯುತ್ತಾ ಹೋದರೆ ಕೋಡಿನ ದೊಡ್ಡ ರಾಕ್ಷಸನೊಬ್ಬ ಬಂದು ಮೆಟ್ಟುವಂತೆ ಆಮೇಲಿನ ಪ್ಯಾಚ್‌ನಲ್ಲಿ, ಅಂದರೆ ತಿದ್ದುಪಡಿಯಲ್ಲಿ, ಬದಲಿಸಿದರು. ಅಕ್ಕನ ಮಗ ಇದನ್ನು ಹೇಳಿದಾಗ ಮಗಳು ನಕ್ಕಿದ್ದೇ ನಕ್ಕಿದ್ದು.

ಇಸ್ಪೀಟು ಅಂತ ಒಂದು ಬೇರೆ ಇದೆ. ಗ್ವೆಂಟ್. ಹೆಂಡದಂಗಡಿಯವನು, ಕಮ್ಮಾರ, ಸೈನ್ಯದ ಅಧಿಕಾರಿ, ಯಾರನ್ನು ಬೇಕಾದರೂ ಕರೆದು ಎಲೆ ಹಾಕಿಸಬಹುದು. ಮೂರು ಸುತ್ತು, ಎರಡು ಗೆದ್ದವನು ಗೆದ್ದ, ಆದರೆ ಕೈಯಲ್ಲಿರುವ ಹತ್ತು ಎಲೆಯಲ್ಲೇ ಎಲ್ಲವೂ ಮುಗಿಯಬೇಕು. ಬೇಕೆಂದೇ ಒಂದು ಸುತ್ತು ಸೋತು ಎದುರಾಳಿಯ ಎಲೆ ಖಾಲಿ ಮಾಡಿಸುವುದರಲ್ಲಿದೆ ಕಸುಬು. ಗೂಢಚಾರರ ಎಲೆ ಅಂತಿದೆ. ಅದನ್ನು ಅವನ ಕಡೆಗೇ ಇಡಬೇಕು, ಅವನ ಬಲ ಏರುತ್ತದೆ, ನಮಗೆ ಎರಡು ಎಲೆ ಹೆಚ್ಚಿಗೆ ಸಿಗುತ್ತದೆ. ಊರ ಅರಳಿಕಟ್ಟೆಯಲ್ಲಿ ‘ಇಪ್ಪತ್ತೆಂಟು’ ಅನ್ನುವ ಇಸ್ಪೀಟು ಆಡಿದವನಿಗೆ ಈ ಕುಯುಕ್ತಿ ಹೇಳಿಕೊಡಬೇಕಾಗಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಗಂಜೀಫಾ ಅನ್ನುವ ಹಳೇ ಎಲೆ ಆಟದಲ್ಲಿ ತಾವೇ ಹೊಸ ಹೊಸ ಆಟ ಕಟ್ಟಿದವರು, ಅವರಿಗೆ ಇದನ್ನು ತೋರಿಸಿದ್ದರೆ ರಾಜ್ಯಭಾರ ಇನ್ನೂ ತಡವಾಗುತ್ತಿತ್ತೇನೋ. ಕಳೆದುಹೋದ ಹುಡುಗಿಯನ್ನು ಹುಡುಕಬೇಕಾದ ಗೆರಾಲ್ಟ್ ನನ್ನ ಕೈಯಲ್ಲಿ ಪೂರ್ತಿ ಒಂದು ಆಷಾಢ ಇಸ್ಪೀಟು ಆಡಿಕೊಂಡೇ ಕಳೆದ.

ವೆಲೆನ್ ಅನ್ನುವ ಜೌಗು ಸೀಮೆಯ ಕುಡುಕ ಬ್ಯಾರನ್ನನ ಕಥೆಯನ್ನು ಒಬ್ಬನೇ ಆಡಿದೆ, ಮಗಳು ಮಲಗಿದ ಮೇಲೆ. ಕುಡಿದು ಹೆಂಡತಿಗೆ ಹೊಡೆಯುವವನು. ಹೊಟ್ಟೆಯಲ್ಲಿದ್ದ ಕೂಸು ಸತ್ತು ಹುಟ್ಟಿದೆ, ಹೆಸರಿಡದೆ ಎಲ್ಲೋ ಹೂತು ಬಿಟ್ಟಿದ್ದಾನೆ, ಅದು ಪಿಶಾಚಿಯಾಗಿ ಎದ್ದಿದೆ. ಕತ್ತಿಯಿಂದ ಹೊಡೆಯಬಹುದು. ಇಲ್ಲವೇ ಅಪ್ಪನ ಕೈಯಲ್ಲೇ ಅದನ್ನು ಎತ್ತಿಸಿ, ಮನೆವರೆಗೆ ನಡೆಸಿಕೊಂಡು ಹೋಗಿ, ಹೆಸರಿಟ್ಟು, ಹೊಸ್ತಿಲ ಕೆಳಗೆ ಹೂಳಿಸಬಹುದು. ಆಗ ಅದು ಮನೆ ಕಾಯುವ ದೈವವಾಗುತ್ತದೆ. ಆ ಮಳೆಯಲ್ಲಿ ಅಷ್ಟು ದಪ್ಪ ಆಳು ಅಷ್ಟು ಚಿಕ್ಕದನ್ನು ಎದೆಗೆ ಅವುಚಿಕೊಂಡು ನಡೆಯುವುದು, ಅದು ಆಗಾಗ ಮಿಸುಕುವುದು. ಡೇಯಾ ಅಂತ ಹೆಸರಿಟ್ಟ. ಮರುದಿನ ಬೆಳಿಗ್ಗೆ ಮನೆಯವಳು ಹೊಸ್ತಿಲಿಗೆ ಅರಿಶಿನ ಹಚ್ಚುತ್ತಿದ್ದಾಗ ಅವತ್ತು ಮಾತ್ರ ಕಾಲು ಎತ್ತಿ ದಾಟಿದೆ.

ಇಲ್ಲಿವರೆಗೆ ಕೇಳಿದ್ದರೆ ಐದಕ್ಕೆ ಐದು ನಕ್ಷತ್ರ ಕೊಡುತ್ತಿದ್ದೆ.

ಈಗ ಸಿರಿ. ಬೂದುಗೂದಲಿನ ಹುಡುಗಿ, ಗೆರಾಲ್ಟ್‌ಗೆ ಹೆತ್ತ ಮಗಳಲ್ಲ, ಸಾಕಿ ಬೆಳೆಸಿದವಳು. ಇಡೀ ಆಟ ಅವಳನ್ನು ಹುಡುಕುವುದು. ಎಂಬತ್ತು ಗಂಟೆ ಹುಡುಕಿದ ಮೇಲೆ ಸಿಕ್ಕಳು, ಕುರ್ಚಿಯಿಂದ ಎದ್ದು ನಿಂತಿದ್ದೆ. ಅವಳ ಬೆನ್ನಟ್ಟಿ ಬಂದವರ ಜೊತೆ ಕೇರ್ ಮೊರ್ಹೆನ್ ಕೋಟೆಯಲ್ಲಿ ದೊಡ್ಡ ಯುದ್ಧವಾಗಿ ಗೆರಾಲ್ಟ್‌ನ ಗುರು, ಮುದುಕ ವೆಸೆಮಿರ್, ಅವಳಿಗೋಸ್ಕರ ಪ್ರಾಣ ಬಿಟ್ಟ. ಅವಳು ಮಂಕಾಗಿ ಕೂತಿದ್ದಾಳೆ. ಎರಡು ಮಾತು ತೋರಿಸುತ್ತದೆ ಆಟ. ಒಂದು: ಎಲ್ಲದರಲ್ಲೂ ನೀನೇ ಗೆಲ್ಲಬೇಕು ಅಂತೇನಿಲ್ಲ, ಸಮಾಧಾನ ಮಾಡಿಕೊ. ಇನ್ನೊಂದು: ನಿನ್ನ ಮನಸ್ಸು ಹಗುರ ಮಾಡುವುದು ಹೇಗೆ ಅಂತ ನನಗೆ ಗೊತ್ತು. ನಾನು ಮೊದಲನೆಯದನ್ನು ಒತ್ತಿದೆ. ನಮ್ಮ ಕಡೆ ಯಾವ ಅಪ್ಪನನ್ನು ಕೇಳಿದರೂ ಅದನ್ನೇ ಹೇಳುವುದು: “ಓಗ್ಲಿ ಬುಡು ಕೂಸೆ, ಎಲ್ಲಾ ನಿನ್ ಕೈಲೇ ಆಗ್ಬೇಕಾ?” ಇಬ್ಬರೂ ಕೂತು ಕುಡಿದರು. ಎರಡನೆಯದನ್ನು ಒತ್ತಿದ್ದರೆ ಹಿಮದುಂಡೆ ಎಸೆದಾಡುತ್ತಿದ್ದರಂತೆ.

ಆಮೇಲೆ ಮಾಟಗಾತಿಯರ ಸಭೆಗೆ ಅವಳನ್ನು ಕರೆದರು. ಒಬ್ಬಳನ್ನೇ ಕಳಿಸುತ್ತೀಯೋ, ಜೊತೆಗೆ ಹೋಗುತ್ತೀಯೋ? ಒಬ್ಬಳನ್ನೇ ಹೆಂಗೆ ಕಳಿಸೋದು? ಹೋದೆ. ಆಮೇಲೆ ಒಂದು ಕಡೆ ಅವಳಿಗೆ ತನ್ನನ್ನು ತಿದ್ದಿದ ಗುರುವಿನ ಮೇಲೆ ಸಿಟ್ಟು ಬಂದು ಅವನ ಕೋಣೆಯಲ್ಲಿರುವುದನ್ನೆಲ್ಲ ಒಡೆಯಬೇಕು ಅನಿಸಿತು. ಸಮಾಧಾನ ಅಂದೆ. ಅವಳಿಗೆ ಸಹಾಯ ಮಾಡಿ ಸತ್ತ ಹುಡುಗನೊಬ್ಬನ ಸಮಾಧಿಗೆ ಹೋಗಬೇಕು ಅಂದಳು, ಅದಕ್ಕೆ ಮಾತ್ರ ಹೂಂ ಅಂದೆ.

ಕೊನೆಗೆ ಜಗತ್ತು ಹೆಪ್ಪುಗಟ್ಟುವುದನ್ನು ತಡೆಯಲು ಸಿರಿ ಒಬ್ಬಳೇ ಹೋಗಬೇಕು. ಹೋಗುವಾಗ ಹಳೆಯದೆಲ್ಲ ಅವಳ ಕಣ್ಣ ಮುಂದೆ ಬರುತ್ತದೆ. ಬಂದದ್ದೇನು? ನಾನು ಒತ್ತಿದ ಮಾತುಗಳೇ. ಸಭೆಯಲ್ಲಿ ಅವಳ ಪಕ್ಕ ಕೂತ ನಾನು, ಸಮಾಧಾನ ಅಂದ ನಾನು. ಹೋದವಳು ಹಿಂತಿರುಗಲಿಲ್ಲ. ಗೆರಾಲ್ಟ್ ಜೌಗಿಗೆ ಹೋಗಿ, ಅಲ್ಲಿ ಉಳಿದಿದ್ದ ಒಬ್ಬ ಮುದಿ ರಾಕ್ಷಸಿಯನ್ನು ಕೊಂದು, ಅವಳ ಕೈ ಸೇರಿದ್ದ ವೆಸೆಮಿರ್‌ನ ಪದಕ ವಾಪಸ್ ತಗೊಂಡು, ಅದನ್ನು ಹಿಡಿದುಕೊಂಡು ಗುಡಿಸಲಲ್ಲಿ ಕೂತ. ಸುತ್ತ ಪಿಶಾಚಿಗಳು ಮುತ್ತಿದವು. ಮುಗಿಯಿತು.

ಮರುದಿನ ಡಿಎಪಿ ಕೇಳಿದವರಿಗೆ ಪೊಟ್ಯಾಷ್ ಎತ್ತಿಕೊಟ್ಟೆ. ಅಕ್ಕನ ಮಗನಿಗೆ ಫೋನು ಮಾಡಿ ಬೈದೆ. “ಮಾವ, ಆ ಉತ್ತರಗಳಿಗೆಲ್ಲ ಲೆಕ್ಕ ಇತ್ತು ಕಣೋ, ತಪ್ಪು ಜಾಸ್ತಿ ಆದ್ರೆ ಹಿಂಗೇ” ಅಂದ. ಲೆಕ್ಕ ಇದ್ದರೆ ತೋರಿಸಬೇಕಿತ್ತಲ್ಲ! ಇದೇ ನನ್ನ ತಕರಾರು. ಹತ್ತು ಕಾಸು ಹೆಚ್ಚು ಕೇಳಿದರೆ ಊರಗೌಡನಿಗೆ ಎಷ್ಟು ಸಿಟ್ಟು ಬಂತು ಅಂತ ಪಟ್ಟಿ ಇಟ್ಟು ತೋರಿಸಿದವರು, ಸಾಕಿದ ಮಗಳ ಮನಸ್ಸಿಗೆ ಒಂದು ಗೀಟೂ ಇಡಲಿಲ್ಲ. ಹಿಂದಕ್ಕೆ ಹೋಗೋಣ ಅಂದರೆ ಆ ಉತ್ತರಗಳ ನಡುವೆ ಗಂಟೆಗಟ್ಟಲೆ ಅಂತರ, ಹಳೆಯ ಸೇವ್‌ಗಳ ಮೇಲೆ ನಾನೇ ಹೊಸದನ್ನು ಬರೆದುಬಿಟ್ಟಿದ್ದೆ. ಒಂದು ನಕ್ಷತ್ರ ಅಲ್ಲೇ ಕಿತ್ತೆ. ಮೂರು ವಾರ ಆಟ ಮುಟ್ಟಲಿಲ್ಲ.

ಮಗಳಿಗೆ ಮಾತ್ರ ಆಶ್ಚರ್ಯವೇ ಆಗಲಿಲ್ಲ.

“ನಂಗೊತ್ತಿತ್ತು ಕಣಪ್ಪ. ಅವ್ಳಿಗೂ ನೀನು ಅಂಗೇ ಮಾಡ್ತಿದ್ದೆ.”

“ಅಂಗೇ ಅಂದ್ರೆ?”

“ಪಿಯುಸಿ ಅಡ್ಮಿಷನ್ ದಿನ ಪ್ರಿನ್ಸಿಪಾಲ್ರು ಕೇಳಿದ್ದು ನನ್ನ. ನಾನು ಬಾಯಿ ಬಿಟ್ನಾ?”

ಬಿಟ್ಟಿರಲಿಲ್ಲ. ಅಂಕ, ಕಾಂಬಿನೇಷನ್, ಕೊನೆಗೆ ಅವಳ ಹೆಸರು ಕೂಡ ನಾನೇ ಹೇಳಿದ್ದೆ.

ಆಟವನ್ನು ಮತ್ತೆ ಹಾಕಿದ್ದು ವಿಸ್ತರಣೆ ಕಥೆಗಳಿಗಾಗಿ. ಅದರಲ್ಲಿ ಎರಡನೆಯದು 2016ರಲ್ಲಿ ಬಂದ ‘ಬ್ಲಡ್ ಆ್ಯಂಡ್ ವೈನ್’. ಅದೊಂದು ಬಿಸಿಲಿನ ಸೀಮೆ, ದ್ರಾಕ್ಷಿ ತೋಟಗಳು, ಬಣ್ಣ ಬಣ್ಣದ ಮನೆಗಳು. ಕೂಲಿಯ ಲೆಕ್ಕದಲ್ಲಿ ಗೆರಾಲ್ಟ್‌ಗೆ ಒಂದು ಹಳೇ ತೋಟದ ಮನೆ ಸಿಗುತ್ತದೆ, ನೋಡಿಕೊಳ್ಳಲು ಒಬ್ಬ ಮರ್ಯಾದಸ್ಥ ಆಳು. ಕೊಟ್ಟಿಗೆ ರಿಪೇರಿ ಮಾಡಿಸಿದೆ. ಹಾಸಿಗೆ ಮಾಡಿಸಿದೆ. ಗೋಡೆಗೆ ಪಟ ಹಾಕಿದೆ. ಪಿಶಾಚಿ ಬೇಟೆ ಬಿಟ್ಟು ವಾರಗಟ್ಟಲೆ ಆ ಮನೆ ಸುತ್ತಲೇ ತಿರುಗಿದೆ. ರಾತ್ರಿ ಟಿವಿ ಆರಿಸುವ ಮುಂಚೆ ಕುದುರೆಯನ್ನು ಲಾಯದ ಹತ್ತಿರ ನಿಲ್ಲಿಸಿಯೇ ಮಲಗುತ್ತಿದ್ದೆ, ಅದು ಮರುದಿನ ಎಲ್ಲಿ ನಿಂತಿರುತ್ತದೋ ಅದರಿಷ್ಟ. ರೋಚ್ ಅನ್ನುವ ಆ ಕುದುರೆ ಮನೆ ಮಾಡಿನ ಮೇಲೆ ಹತ್ತಿ ನಿಲ್ಲುವುದಕ್ಕೆ ಲೋಕಪ್ರಸಿದ್ಧ.

ಕಥೆಯ ಕೊನೆಗೆ ತೋಟಕ್ಕೆ ಒಬ್ಬರು ಬರುತ್ತಾರೆ. ಯಾರು ಅನ್ನುವುದು ನಾವು ಮೊದಲು ಮಾಡಿದ್ದರ ಮೇಲೆ. ಸಿರಿ ಇದ್ದಿದ್ದರೆ ಅವಳೇ ಬರಬಹುದಿತ್ತು. ಯೆನ್ನೆಫರ್, ಟ್ರಿಸ್ ಅಂತ ಇಬ್ಬರು ಹೆಂಗಸರಿದ್ದಾರೆ, ಆದರೆ ಮಗಳು ಹಿಂದೆ ಕೂತಿರುವಾಗ ಅಂಥ ಮಾತು ಬಂದರೆ ನಾನು ಗಾಬರಿಯಲ್ಲಿ ಬೇಡ ಬೇಡ ಅಂತಲೇ ಒತ್ತುತ್ತಾ ಬಂದವನು. ಹಾಗಾಗಿ ಬಂದವನು ಡ್ಯಾಂಡೆಲಿಯನ್, ಗೆರಾಲ್ಟ್‌ನ ಹಾಡುಗಾರ ಸ್ನೇಹಿತ. ಇಬ್ಬರು ಗಂಡಸರು ತೋಟದಲ್ಲಿ ಕೂತು ಹಳೇದು ಮಾತಾಡಿದರು. ಕಿತ್ತ ನಕ್ಷತ್ರದಲ್ಲಿ ಅರ್ಧ ವಾಪಸ್ ಕೊಟ್ಟೆ.

ತಗೊಳ್ಳಬೇಕಾ ಅಂತ ಕೇಳುವವರಿಗೆ: ದಿನಕ್ಕೆ ಒಂದು ಗಂಟೆ ಸಿಗುವವರಿಗೆ ಆರು ತಿಂಗಳಿಗೆ ಸಾಕು. ನನಗೆ ವಿಸ್ತರಣೆ ಸೇರಿ ನೂರಾ ತೊಂಬತ್ತು ಗಂಟೆಯಾಯಿತು. ಎಂಟು ಸಾವಿರವನ್ನು ಅದರಿಂದ ಭಾಗಿಸಿದರೆ ಗಂಟೆಗೆ ನಲವತ್ತೆರಡು ರೂಪಾಯಿ, ಅದೂ ಮಿಷನ್ನು ಸೇರಿಸಿ. ಹದಿನೆಂಟು ದಾಟಿದವರಿಗೆ ಮಾತ್ರ ಅಂತ ಡಬ್ಬದ ಮೇಲಿರುವುದು ಸುಮ್ಮನೆ ಅಲ್ಲ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಾಗಿಲು ಹಾಕಿಕೊಳ್ಳಿ. ಮತ್ತೆ, ಸೇವ್‌ಗಳನ್ನು ಅಳಿಸಬೇಡಿ.

ಎರಡನೇ ಸುತ್ತು ಶುರು ಮಾಡಿದ್ದೇನೆ. ಕತ್ತಿ, ಕವಚ, ಕಲಿತದ್ದು ಎಲ್ಲ ಉಳಿಯುತ್ತದೆ, ಆದರೆ ಗ್ವೆಂಟ್ ಎಲೆಗಳು ಹೋಗುತ್ತವೆ. ಒಂದು ಆಷಾಢದ ಸಂಪಾದನೆ ಅದು, ಹೊಟ್ಟೆ ಚುರುಕ್ಕಂತು. ಮಗಳು ಈಗ ಮೈಸೂರಲ್ಲಿ ಹಾಸ್ಟೆಲು. ಕಾಲೇಜು ಸೇರುವ ದಿನ ಮಂಡ್ಯ ಸ್ಟೇಷನ್‌ವರೆಗೆ ಹೋಗಿ ರೈಲು ಹತ್ತಿಸಿ ಬಂದೆ, ಅಲ್ಲಿಂದಾಚೆ ಬರಬೇಡ ಅಂದಿದ್ದಳು. ಪಾಂಡವಪುರ ದಾಟುವಷ್ಟರಲ್ಲಿ ಎರಡು ಸಲ ಫೋನು ಮಾಡಿದೆ, ಎತ್ತಲಿಲ್ಲ. ರಾತ್ರಿ ಅವಳೇ ಮಾಡಿದಳು. ಸೀಟಿನ ವಿಷಯ, ಊಟದ ವಿಷಯ ಎಲ್ಲ ಹೇಳಿ, ಗೆರಾಲ್ಟ್ ಎಲ್ಲಿಗೆ ಬಂದ ಅಂತ ಕೇಳಿದಳು. ಇನ್ನೂ ವೆಲೆನ್‌ನಲ್ಲೇ, ಎಲೆ ಕೂಡಿಸ್ತಾ ಇದ್ದೀನಿ ಅಂದೆ.

“ಕೋಟೆ ಯುದ್ಧಕ್ಕೆ ಮುಂಚೆ ಹೇಳು. ಭಾನುವಾರ ನೋಡ್ಕೊಂಡು ಬತ್ತೀನಿ. ಹಿಮ ನಾನೇ ಎಸೀತೀನಿ.”